ನವಜಾತ ಶಿಶುಗಳ ಸೆಪ್ಸಿಸ್‌ನಲ್ಲಿ ರಕ್ತನಾಳಗಳ ಒಳಪದರದ ಪಾತ್ರ

ನವಜಾತ ಶಿಶುಗಳ ಸೆಪ್ಸಿಸ್ ಎಂಬುದು ಜನನದ ನಂತರದ ಮೊದಲ 28 ದಿನಗಳಲ್ಲಿ ಕಾಣಿಸಿಕೊಳ್ಳುವ, ಸೋಂಕು ರಕ್ತದ ಮೂಲಕ ಇಡೀ ದೇಹವನ್ನು ಬಾಧಿಸುವ ಗಂಭೀರ ಸ್ಥಿತಿಯಾಗಿದೆ. ಆಡುಮಾತಿನಲ್ಲಿ ಇದನ್ನು ನಂಜು ಅಥವಾ ರಕ್ತನಂಜು ಎಂದೂ ಕರೆಯುತ್ತಾರೆ. ಈ ಕಾಯಿಲೆಯಲ್ಲಿ ಶಿಶುವಿನ ಅಂಗಾಂಗಗಳಿಗೆ ಆಗುವ ಹಾನಿಯು ಬ್ಯಾಕ್ಟೀರಿಯಾಗಳ ನೇರ ದಾಳಿಯಿಂದ ಮಾತ್ರ ಉಂಟಾಗುವುದಿಲ್ಲ. ರಕ್ತನಾಳಗಳ ಒಳಮೈಯನ್ನು ಆವರಿಸಿರುವ, ಎಂಡೋಥೀಲಿಯಂ ಎಂದು ಕರೆಯಲಾಗುವ ತೆಳುವಾದ ಜೀವಕೋಶ ಪದರವು ತನ್ನ ಸಮತೋಲನವನ್ನು ಕಳೆದುಕೊಳ್ಳುವುದು ಈ ಹಾನಿಯ ಪ್ರಮುಖ ಕಾರಣಗಳಲ್ಲಿ ಒಂದು. ಒಳಪದರವು ಸೋರತೊಡಗಿದಾಗ ಊತ, ರಕ್ತದೊತ್ತಡದ ಕುಸಿತ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆ ಮತ್ತು ಕೊನೆಗೆ ಹಲವು ಅಂಗಗಳ ವೈಫಲ್ಯ ಸಂಭವಿಸುತ್ತವೆ.

ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಶಿಶುಗಳು ಹುಟ್ಟಿದ ಮೊದಲ ತಿಂಗಳಲ್ಲೇ ಮರಣ ಹೊಂದಿದವು. ಅವಧಿಪೂರ್ವ ಜನನ, ಹೆರಿಗೆಯ ವೇಳೆಯ ಉಸಿರುಗಟ್ಟುವಿಕೆ ಹಾಗೂ ಸೋಂಕುಗಳು ಈ ಸಾವುಗಳ ಮುಖ್ಯ ಕಾರಣಗಳು.

ವರ್ಗೀಕರಣ ಮತ್ತು ಕಾರಣಗಳು

ರೋಗಲಕ್ಷಣ ಆರಂಭವಾಗುವ ಸಮಯವನ್ನು ಆಧರಿಸಿ ನವಜಾತ ಶಿಶುಗಳ ಸೆಪ್ಸಿಸ್ ಅನ್ನು ಎರಡು ವಿಧಗಳಾಗಿ ವಿಂಗಡಿಸಲಾಗುತ್ತದೆ. ಹುಟ್ಟಿದ 72 ಗಂಟೆಗಳೊಳಗೆ ಕಾಣಿಸಿಕೊಳ್ಳುವುದು ಆರಂಭಿಕ ಸೆಪ್ಸಿಸ್. ಇದರಲ್ಲಿ ರೋಗಾಣುಗಳು ಸಾಮಾನ್ಯವಾಗಿ ತಾಯಿಯ ಜನನ ಮಾರ್ಗದಿಂದ ಶಿಶುವನ್ನು ತಲುಪುತ್ತವೆ. ಆ ಬಳಿಕ ಕಾಣಿಸಿಕೊಳ್ಳುವುದು ತಡವಾದ ಸೆಪ್ಸಿಸ್. ಇದಕ್ಕೆ ಆಸ್ಪತ್ರೆಯ ಅಥವಾ ಮನೆಯ ಪರಿಸರದಿಂದ ಬಂದ ರೋಗಾಣುಗಳು ಕಾರಣವಾಗುತ್ತವೆ.

ಯುರೋಪ್ ಮತ್ತು ಅಮೆರಿಕದಲ್ಲಿ ಆರಂಭಿಕ ಸೆಪ್ಸಿಸ್‌ಗೆ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಹಾಗೂ ಎಷರೀಷಿಯಾ ಕೋಲೈ ಪ್ರಮುಖ ಕಾರಣಗಳು. ಭಾರತದ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಎಷರೀಷಿಯಾ ಕೋಲೈ ಮುಂತಾದ ಗ್ರಾಮ್-ಋಣ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಂಡುಬರುತ್ತವೆ. ಈ ವ್ಯತ್ಯಾಸವು ರಕ್ತನಾಳಗಳ ದೃಷ್ಟಿಯಿಂದಲೂ ಮುಖ್ಯ. ಗ್ರಾಮ್-ಋಣ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ವಿಷವಸ್ತುವು ಒಳಪದರವನ್ನು ಅತ್ಯಂತ ಬಲವಾಗಿ ಕೆರಳಿಸುವ ವಸ್ತುಗಳಲ್ಲೊಂದು.

ಒಳಪದರದ ರಚನೆ ಮತ್ತು ಸಹಜ ಕಾರ್ಯಗಳು

ಎಂಡೋಥೀಲಿಯಂ ಒಂದೇ ಜೀವಕೋಶದಷ್ಟು ದಪ್ಪವಿರುವ ಪದರ. ಹೃದಯದಿಂದ ಅತಿ ಸಣ್ಣ ಲೋಮನಾಳಗಳವರೆಗೆ ರಕ್ತ ಹರಿಯುವ ಎಲ್ಲ ಮಾರ್ಗಗಳ ಒಳಮೈಯಲ್ಲೂ ಇದು ಹರಡಿಕೊಂಡಿದೆ. ಬಹುಕಾಲ ಇದನ್ನು ಕೇವಲ ಒಂದು ಅಸ್ತರಿ ಎಂದು ಭಾವಿಸಲಾಗಿತ್ತು. ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಈ ಪದರವೇ ತಯಾರಿಸುತ್ತದೆ ಎಂಬುದು ತಿಳಿದ ಮೇಲೆ ಆ ಕಲ್ಪನೆ ಬದಲಾಯಿತು. ಈ ಸಂಶೋಧನೆಗಾಗಿ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ ಮತ್ತು ಫೆರಿಡ್ ಮುರಾದ್ ಅವರಿಗೆ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಆರೋಗ್ಯವಂತ ಶಿಶುವಿನಲ್ಲಿ ಒಳಪದರವು ನಾಲ್ಕು ಮುಖ್ಯ ಕೆಲಸಗಳನ್ನು ನಿರ್ವಹಿಸುತ್ತದೆ.

- ತಡೆಗೋಡೆ: ಜೀವಕೋಶಗಳ ನಡುವಿನ ಸಂದುಗಳನ್ನು ವಿಇ-ಕ್ಯಾಡ್‌ಹೆರಿನ್, ಕ್ಲಾಡಿನ್ ಮುಂತಾದ ಪ್ರೋಟೀನುಗಳು ಬಿಗಿಯಾಗಿ ಹೊಲಿದಂತೆ ಹಿಡಿದಿರುತ್ತವೆ. ನೀರು ಮತ್ತು ಪೋಷಕಾಂಶಗಳು ಅಳತೆಯಲ್ಲಿ ಮಾತ್ರ ಹೊರಹೋಗುತ್ತವೆ.
- ಹರಿವಿನ ನಿಯಂತ್ರಣ: ನೈಟ್ರಿಕ್ ಆಕ್ಸೈಡ್ ನಾಳವನ್ನು ಹಿಗ್ಗಿಸುತ್ತದೆ, ಎಂಡೋಥೀಲಿನ್ ಕುಗ್ಗಿಸುತ್ತದೆ. ಇವೆರಡರ ಹೊಂದಾಣಿಕೆಯಿಂದ ರಕ್ತದೊತ್ತಡ ಕಾಪಾಡಲ್ಪಡುತ್ತದೆ.
- ಹೆಪ್ಪುಗಟ್ಟದಂತೆ ತಡೆ: ಮೇಲ್ಮೈಯಲ್ಲಿರುವ ಥ್ರಾಂಬೊಮಾಡ್ಯುಲಿನ್ ಮತ್ತು ಹೆಪರಾನ್ ಸಲ್ಫೇಟ್ ರಕ್ತವನ್ನು ದ್ರವರೂಪದಲ್ಲಿ ಉಳಿಸುತ್ತವೆ.
- ಕಾವಲು: ರೋಗಾಣು ಬಂದಾಗ ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಕರೆತರುತ್ತದೆ.

ಈ ಪದರದ ಮೇಲೆ ಸಕ್ಕರೆ ಸರಪಳಿಗಳು ಮತ್ತು ಪ್ರೋಟೀನುಗಳಿಂದಾದ ಗ್ಲೈಕೋಕ್ಯಾಲಿಕ್ಸ್ ಎಂಬ ಮೃದುವಾದ ಲೇಪನವಿದೆ. ಪಾಚಿ ಬೆಳೆದ ಕೊಳದ ಕಲ್ಲಿನ ಮೇಲೆ ನೀರು ಜಾರುವಂತೆ ರಕ್ತವು ಈ ಲೇಪನದ ಮೇಲೆ ಜಾರುತ್ತದೆ. ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳದಂತೆ ಇದು ನೋಡಿಕೊಳ್ಳುತ್ತದೆ.

ಸೆಪ್ಸಿಸ್‌ನಲ್ಲಿ ಆಗುವ ಬದಲಾವಣೆಗಳು

ರೋಗಾಣುವಿನ ಗುರುತಿಸುವಿಕೆ

ಒಳಪದರದ ಜೀವಕೋಶಗಳಲ್ಲಿ ಟೋಲ್-ಮಾದರಿಯ ಗ್ರಾಹಕಗಳಿವೆ. ಲಿಪೊಪಾಲಿಸ್ಯಾಕರೈಡ್ ಅನ್ನು ನಾಲ್ಕನೆಯ ಗ್ರಾಹಕವಾದ ಟಿಎಲ್‌ಆರ್-4 ಗುರುತಿಸುತ್ತದೆ. ಗ್ರಾಮ್-ಧನ ಬ್ಯಾಕ್ಟೀರಿಯಾಗಳ ಅಂಶಗಳನ್ನು ಟಿಎಲ್‌ಆರ್-2 ಗುರುತಿಸುತ್ತದೆ. ಈ ಗ್ರಾಹಕಗಳು ಪ್ರಚೋದನೆಗೊಂಡಾಗ ಜೀವಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕ್ರಿಯಾಶೀಲವಾಗಿ, ಉರಿಯೂತಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಸೈಟೊಕೈನುಗಳೂ ಇದೇ ಪರಿಣಾಮವನ್ನು ಉಂಟುಮಾಡುತ್ತವೆ.

ಲೇಪನದ ಕಳಚುವಿಕೆ

ಉರಿಯೂತದ ವೇಳೆ ಬಿಡುಗಡೆಯಾಗುವ ಕಿಣ್ವಗಳು ಗ್ಲೈಕೋಕ್ಯಾಲಿಕ್ಸ್ ಲೇಪನವನ್ನು ಕತ್ತರಿಸುತ್ತವೆ. ಅದರ ತುಣುಕುಗಳಾದ ಸಿಂಡಿಕ್ಯಾನ್-1, ಹೆಪರಾನ್ ಸಲ್ಫೇಟ್ ಮತ್ತು ಹೈಯಲುರೊನಾನ್ ರಕ್ತದಲ್ಲಿ ತೇಲತೊಡಗುತ್ತವೆ. ಲೇಪನ ಕಳಚಿದ ಜಾಗದಲ್ಲಿ ಅಂಟಿಕೊಳ್ಳುವ ಅಣುಗಳು ಬಯಲಾಗುತ್ತವೆ.

ಬಿಳಿ ರಕ್ತಕಣಗಳ ಅಂಟಿಕೆ ಮತ್ತು ವಲಸೆ

ಪ್ರಚೋದನೆಗೊಂಡ ಒಳಪದರವು ಮೊದಲು ಪಿ-ಸೆಲೆಕ್ಟಿನ್ ಮತ್ತು ಇ-ಸೆಲೆಕ್ಟಿನ್ ಅಣುಗಳನ್ನು ಹೊರಚಾಚುತ್ತದೆ. ಇವುಗಳ ಹಿಡಿತಕ್ಕೆ ಸಿಕ್ಕ ನ್ಯೂಟ್ರೊಫಿಲ್ ಕಣಗಳು ಗೋಡೆಯುದ್ದಕ್ಕೂ ಉರುಳುತ್ತ ನಿಧಾನಗೊಳ್ಳುತ್ತವೆ. ಬಳಿಕ ಐಕ್ಯಾಮ್-1 ಎಂಬ ಅಣು ಅವುಗಳನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ. ಕೊನೆಗೆ ಅವು ಜೀವಕೋಶಗಳ ಸಂದಿನಿಂದ ನುಸುಳಿ ಅಂಗಾಂಶವನ್ನು ಸೇರುತ್ತವೆ. ಸೋಂಕು ಒಂದೆಡೆ ಸೀಮಿತವಾಗಿರುವಾಗ ಇದು ದೇಹವನ್ನು ಉಳಿಸುವ ಕ್ರಿಯೆ. ಇಡೀ ದೇಹದಲ್ಲಿ ಏಕಕಾಲಕ್ಕೆ ನಡೆದಾಗ ಅದೇ ಕ್ರಿಯೆಯು ಶ್ವಾಸಕೋಶ, ಯಕೃತ್ತು ಮುಂತಾದ ಆರೋಗ್ಯಕರ ಅಂಗಗಳನ್ನು ಘಾಸಿಗೊಳಿಸುತ್ತದೆ.

ತಡೆಗೋಡೆಯ ಸೋರಿಕೆ

ರಕ್ತನಾಳಗಳ ಬಿಗಿತವನ್ನು ಆಂಜಿಯೊಪೊಯೆಟಿನ್ ಎಂಬ ಎರಡು ಪ್ರೋಟೀನುಗಳು ನಿರ್ಧರಿಸುತ್ತವೆ. ಇವೆರಡೂ ಒಳಪದರದ ಟೈ-2 ಗ್ರಾಹಕಕ್ಕೆ ಬಂದು ಸೇರುತ್ತವೆ. ಆಂಜಿಯೊಪೊಯೆಟಿನ್-1 ಸಂದುಗಳನ್ನು ಬಿಗಿಗೊಳಿಸಿ ಪದರವನ್ನು ಶಾಂತವಾಗಿರಿಸುತ್ತದೆ. ಆಂಜಿಯೊಪೊಯೆಟಿನ್-2 ಈ ಪರಿಣಾಮವನ್ನು ತಡೆದು ಪದರವನ್ನು ಸಡಿಲಗೊಳಿಸುತ್ತದೆ. ಎರಡನೆಯದು ಒಳಪದರದ ಜೀವಕೋಶಗಳೊಳಗಿನ ವೈಬೆಲ್-ಪಲಾಡೆ ಕಾಯಗಳೆಂಬ ಸಣ್ಣ ಚೀಲಗಳಲ್ಲಿ ಮೊದಲೇ ಸಂಗ್ರಹವಾಗಿರುವುದರಿಂದ, ಪ್ರಚೋದನೆ ದೊರೆತ ಕೆಲವೇ ನಿಮಿಷಗಳಲ್ಲಿ ಹೊರಬರಬಲ್ಲದು.

ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ನವಜಾತ ಶಿಶುಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆರಂಭಿಕ ಸೆಪ್ಸಿಸ್ ಇರುವ ಶಿಶುಗಳಲ್ಲಿ ಆಂಜಿಯೊಪೊಯೆಟಿನ್-1 ಕಡಿಮೆಯೂ ಆಂಜಿಯೊಪೊಯೆಟಿನ್-2 ಅಧಿಕವೂ ಇರುವುದು ಕಂಡುಬಂದಿತು. ಸಡಿಲವಾದ ಪದರದಿಂದ ನೀರು ಮತ್ತು ಆಲ್ಬುಮಿನ್ ಹೊರಗೆ ಸೋರಿ ಮೈ ಊದಿಕೊಳ್ಳುತ್ತದೆ. ಆದರೆ ರಕ್ತನಾಳಗಳ ಒಳಗೆ ಹರಿಯಲು ಬೇಕಾದ ರಕ್ತದ ಪ್ರಮಾಣ ಮಾತ್ರ ಕುಗ್ಗುತ್ತದೆ.

ಹೆಪ್ಪುಗಟ್ಟುವಿಕೆಯ ಏರುಪೇರು

ಸೆಪ್ಸಿಸ್‌ನಲ್ಲಿ ಥ್ರಾಂಬೊಮಾಡ್ಯುಲಿನ್ ಕಳೆದುಹೋಗುತ್ತದೆ. ಬಿಳಿ ರಕ್ತಕಣಗಳ ಮತ್ತು ನಾಳದ ಗೋಡೆಯ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಹೆಪ್ಪುಕಾರಕ ಕಾಣಿಸಿಕೊಳ್ಳುತ್ತದೆ. ಹೆಪ್ಪನ್ನು ಕರಗಿಸುವ ವ್ಯವಸ್ಥೆಯನ್ನು ಪಿಎಐ-1 ಎಂಬ ಪ್ರೋಟೀನು ತಡೆಯುತ್ತದೆ. ಇದರಿಂದ ಲೋಮನಾಳಗಳಲ್ಲಿ ಅಸಂಖ್ಯ ಸೂಕ್ಷ್ಮ ಹೆಪ್ಪುಗಳು ಉಂಟಾಗುತ್ತವೆ. ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಇತರ ಅಂಶಗಳೂ ಅಲ್ಲಿಯೇ ಖರ್ಚಾಗಿ ಹೋಗುವುದರಿಂದ, ಅದೇ ಶಿಶುವಿನ ಬೇರೆ ಭಾಗಗಳಲ್ಲಿ ರಕ್ತಸ್ರಾವ ಆರಂಭವಾಗಬಹುದು. ಒಂದೇ ದೇಹದಲ್ಲಿ ಹೆಪ್ಪು ಮತ್ತು ರಕ್ತಸ್ರಾವ ಎರಡೂ ಕಾಣಿಸುವ ಈ ಸ್ಥಿತಿಯನ್ನು ಡಿಐಸಿ ಎಂದು ಕರೆಯುತ್ತಾರೆ.

ನವಜಾತ ಶಿಶುಗಳ ವಿಶಿಷ್ಟತೆ

ವಯಸ್ಕರ ಸೆಪ್ಸಿಸ್‌ಗೆ ಸಂಬಂಧಿಸಿದ ತಿಳಿವಳಿಕೆಯನ್ನು ನವಜಾತ ಶಿಶುಗಳಿಗೆ ಹಾಗೆಯೇ ಅನ್ವಯಿಸಲು ಸಾಧ್ಯವಿಲ್ಲ. ಇದಕ್ಕೆ ಹಲವು ಕಾರಣಗಳಿವೆ.

ಶಿಶುವಿನ ರಕ್ತದ ಪ್ರಮಾಣ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80ರಿಂದ 90 ಮಿಲಿಲೀಟರ್. ಎರಡೂವರೆ ಕಿಲೋಗ್ರಾಂ ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಒಂದು ಲೋಟದಷ್ಟು ಮಾತ್ರ. ವಯಸ್ಕರಲ್ಲಿ ಗಮನಕ್ಕೆ ಬಾರದಷ್ಟು ಸಣ್ಣ ಸೋರಿಕೆಯೂ ಇಲ್ಲಿ ಆಘಾತಕ್ಕೆ ಸಾಕಾಗುತ್ತದೆ.

ನವಜಾತ ಶಿಶುವಿನ, ಅದರಲ್ಲೂ ಅವಧಿಪೂರ್ವ ಶಿಶುವಿನ ಒಳಪದರವು ಪಿ-ಸೆಲೆಕ್ಟಿನ್ ಅಣುವನ್ನು ಕಡಿಮೆ ಪ್ರಮಾಣದಲ್ಲಿ ಪ್ರದರ್ಶಿಸುತ್ತದೆ. ನ್ಯೂಟ್ರೊಫಿಲ್ ಕಣಗಳಲ್ಲಿಯೂ ಎಲ್-ಸೆಲೆಕ್ಟಿನ್ ಮತ್ತು ಮ್ಯಾಕ್-1 ಎಂಬ ಅಂಟು ಅಣುಗಳು ಕಡಿಮೆ. ಹೀಗಾಗಿ ಕಾವಲು ಕಣಗಳು ಸೋಂಕಿನ ಜಾಗವನ್ನು ತಲುಪುವುದು ತಡವಾಗುತ್ತದೆ. ಮೂಳೆಮಜ್ಜೆಯಲ್ಲಿ ಅವುಗಳ ಸಂಗ್ರಹವೂ ಅಲ್ಪವಾದುದರಿಂದ ತೀವ್ರ ಸೋಂಕಿನಲ್ಲಿ ಅದು ಬೇಗನೆ ಬರಿದಾಗುತ್ತದೆ. ತಾಯಿಯಿಂದ ದೊರೆಯುವ ಐಜಿಜಿ ಪ್ರತಿಕಾಯಗಳು ಬಹುಪಾಲು ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ವರ್ಗಾವಣೆಯಾಗುತ್ತವೆ. ಅದಕ್ಕೂ ಮುನ್ನ ಹುಟ್ಟಿದ ಶಿಶುವಿಗೆ ಈ ರಕ್ಷಣೆಯೂ ಪೂರ್ತಿಯಾಗಿ ಸಿಗುವುದಿಲ್ಲ.

ಹೆಪ್ಪುಗಟ್ಟುವಿಕೆಯನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಮತ್ತು ಆಂಟಿಥ್ರಾಂಬಿನ್ ಅಂಶಗಳು ಹುಟ್ಟುವಾಗ ವಯಸ್ಕರಿಗಿಂತ ಬಹಳ ಕಡಿಮೆ ಇರುತ್ತವೆ. ಆರೋಗ್ಯವಂತ ಶಿಶುವಿನಲ್ಲಿ ಹೆಪ್ಪುಕಾರಕ ಅಂಶಗಳೂ ಅದಕ್ಕೆ ತಕ್ಕಂತೆ ಕಡಿಮೆ ಇರುವುದರಿಂದ ತೂಕ ಸಮನಾಗಿರುತ್ತದೆ. ಸೆಪ್ಸಿಸ್ ಬಂದಾಗ ಈ ಸೂಕ್ಷ್ಮ ಸಮತೋಲನ ಸುಲಭವಾಗಿ ಕೆಡುತ್ತದೆ.

ಅಂಗಗಳ ಮೇಲಿನ ಪರಿಣಾಮ

ಮಿದುಳು: 32 ವಾರಗಳಿಗೆ ಮುನ್ನ ಹುಟ್ಟಿದ ಶಿಶುಗಳ ಮಿದುಳಿನ ಕುಹರಗಳ ಪಕ್ಕದಲ್ಲಿ ತೆಳುಗೋಡೆಯ ದುರ್ಬಲ ರಕ್ತನಾಳಗಳಿರುತ್ತವೆ. ರಕ್ತದೊತ್ತಡದ ಏರಿಳಿತದಿಂದ ಇವು ಒಡೆದು ರಕ್ತಸ್ರಾವವಾಗಬಹುದು. ಕೆಲವು ಬ್ಯಾಕ್ಟೀರಿಯಾಗಳು ಮಿದುಳಿನ ರಕ್ತನಾಳಗಳ ಒಳಪದರವನ್ನೇ ಪ್ರವೇಶದ್ವಾರವಾಗಿ ಬಳಸುತ್ತವೆ. ಎಷರೀಷಿಯಾ ಕೋಲೈನ ಕೆ-1 ತಳಿಯು ತನ್ನ ಹೊರಪೊರೆಯ ಓಂಪ್-ಎ ಪ್ರೋಟೀನಿನ ಮೂಲಕ ಆ ಜೀವಕೋಶಗಳಿಗೆ ಅಂಟಿ, ಅವುಗಳನ್ನು ದಾಟಿ ಮೆನಿಂಜೈಟಿಸ್ ಉಂಟುಮಾಡುತ್ತದೆ. ಬದುಕುಳಿದ ಶಿಶುಗಳಲ್ಲಿ ಮುಂದೆ ಚಲನೆ, ಶ್ರವಣ ಮತ್ತು ಕಲಿಕೆಯ ತೊಂದರೆಗಳು ಉಳಿಯಬಹುದು.

ಶ್ವಾಸಕೋಶ: ಸೋರಿದ ದ್ರವವು ಗಾಳಿಗೂಡುಗಳಲ್ಲಿ ತುಂಬಿ ಉಸಿರಾಟ ಕಷ್ಟವಾಗುತ್ತದೆ. ಶ್ವಾಸಕೋಶದ ನಾಳಗಳು ಕುಗ್ಗಿಯೇ ಉಳಿದು, ಅಲ್ಲಿನ ರಕ್ತದೊತ್ತಡ ಅಧಿಕವಾಗಿಯೇ ಮುಂದುವರಿಯಬಹುದು.

ಕರುಳು ಮತ್ತು ಮೂತ್ರಪಿಂಡ: ಸೂಕ್ಷ್ಮ ನಾಳಗಳಲ್ಲಿ ಹರಿವು ತಗ್ಗಿದಾಗ ಕರುಳಿನ ಅಂಗಾಂಶ ಸಾಯಬಹುದು. ಮೂತ್ರದ ಪ್ರಮಾಣವೂ ಕಡಿಮೆಯಾಗುತ್ತದೆ.

ಚರ್ಮ: ಮೈ ಬಿಳಿಚಿಕೊಳ್ಳುವುದು, ಅಮೃತಶಿಲೆಯಂತೆ ಬಣ್ಣ ಬಣ್ಣದ ಗೆರೆಗಳು ಮೂಡುವುದು, ಕೈಕಾಲು ತಣ್ಣಗಾಗುವುದು ಸೂಕ್ಷ್ಮ ರಕ್ತಸಂಚಾರ ಕೆಟ್ಟಿರುವುದರ ಹೊರಗುರುತುಗಳು.

ರೋಗನಿರ್ಣಯ

ರಕ್ತವನ್ನು ಕೃಷಿ ಮಾಧ್ಯಮದಲ್ಲಿ ಬೆಳೆಸಿ ಬ್ಯಾಕ್ಟೀರಿಯಾಗಳನ್ನು ಪತ್ತೆಮಾಡುವ ಪರೀಕ್ಷೆಯೇ ಇಂದಿಗೂ ಪ್ರಮಾಣಭೂತ ವಿಧಾನ. ಇದಕ್ಕೆ ಕನಿಷ್ಠ ಒಂದು ಮಿಲಿಲೀಟರ್ ರಕ್ತ ಬೇಕು. ಫಲಿತಾಂಶಕ್ಕೆ ಒಂದರಿಂದ ಎರಡು ದಿನ ಕಾಯಬೇಕಾಗುತ್ತದೆ. ಸೆಪ್ಸಿಸ್ ಇದ್ದರೂ ಬ್ಯಾಕ್ಟೀರಿಯಾ ಬೆಳೆಯದಿರುವ ಸಂದರ್ಭಗಳೂ ಹಲವು. ಸಿ-ರಿಯಾಕ್ಟಿವ್ ಪ್ರೋಟೀನ್ ಮತ್ತು ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆಗಳು ಪೂರಕವಾಗಿ ಬಳಕೆಯಲ್ಲಿವೆ.

ಕರಗಿದ ರೂಪದ ಇ-ಸೆಲೆಕ್ಟಿನ್, ಐಕ್ಯಾಮ್-1, ಸಿಂಡಿಕ್ಯಾನ್-1 ಹಾಗೂ ಆಂಜಿಯೊಪೊಯೆಟಿನ್‌ಗಳ ಪ್ರಮಾಣವನ್ನು ರಕ್ತದಲ್ಲಿ ಅಳೆದು ಸೆಪ್ಸಿಸ್ ಗುರುತಿಸುವ ಪ್ರಯತ್ನಗಳು ನಡೆದಿವೆ. ಆದರೆ ಇವುಗಳಲ್ಲಿ ಕೆಲವು ಆರೋಗ್ಯವಂತ ಶಿಶುಗಳಲ್ಲಿಯೂ ಜನನದ ನಂತರದ ದಿನಗಳಲ್ಲಿ ಸಹಜವಾಗಿ ಏರುತ್ತವೆ. ಆದುದರಿಂದ ಇವು ಸಂಶೋಧನೆಯ ಹಂತವನ್ನು ದಾಟಿ ದೈನಂದಿನ ಚಿಕಿತ್ಸೆಗೆ ಬಂದಿಲ್ಲ. ಮಕ್ಕಳ ಸೆಪ್ಸಿಸ್‌ಗಾಗಿ 2024ರಲ್ಲಿ ಪ್ರಕಟವಾದ ಫೀನಿಕ್ಸ್ ಮಾನದಂಡಗಳು ಅವಧಿಪೂರ್ವ ಶಿಶುಗಳಿಗೂ, ಹುಟ್ಟಿದ ಆಸ್ಪತ್ರೆಯಲ್ಲಿಯೇ ಇನ್ನೂ ದಾಖಲಾಗಿರುವ ಶಿಶುಗಳಿಗೂ ಅನ್ವಯಿಸುವುದಿಲ್ಲ.

ಒಳಪದರದ ಸ್ಥಿತಿಯನ್ನು ಪರೋಕ್ಷವಾಗಿ ತಿಳಿಸುವ ಅತ್ಯಂತ ಸರಳ ಪರೀಕ್ಷೆಗೆ ಯಾವ ಯಂತ್ರವೂ ಬೇಕಿಲ್ಲ. ಶಿಶುವಿನ ಎದೆಮೂಳೆಯ ಮೇಲಿನ ಚರ್ಮವನ್ನು ಬೆರಳಿನಿಂದ ಐದು ಸೆಕೆಂಡು ಒತ್ತಿ ಬಿಟ್ಟಾಗ, ಬಿಳಿಯಾದ ಜಾಗಕ್ಕೆ ಕೆಂಪು ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಸಮಯ ಹಿಡಿದರೆ ಸೂಕ್ಷ್ಮ ರಕ್ತಸಂಚಾರ ಕುಂಠಿತವಾಗಿದೆ ಎಂದು ಸಂಶಯಿಸಲಾಗುತ್ತದೆ. ಮೈ ತಣ್ಣಗಿರುವಾಗಲೂ ಹೀಗಾಗಬಹುದಾದುದರಿಂದ ಇತರ ಲಕ್ಷಣಗಳೊಡನೆ ಸೇರಿಸಿಯೇ ಇದನ್ನು ಅರ್ಥೈಸಬೇಕು.

ಅಪಾಯದ ಲಕ್ಷಣಗಳು

ವಿಶ್ವ ಆರೋಗ್ಯ ಸಂಸ್ಥೆಯು ಎರಡು ತಿಂಗಳೊಳಗಿನ ಶಿಶುಗಳಲ್ಲಿ ಗಂಭೀರ ಸೋಂಕನ್ನು ಸೂಚಿಸುವ ಲಕ್ಷಣಗಳನ್ನು ಪಟ್ಟಿಮಾಡಿದೆ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

- ಹಾಲು ಸರಿಯಾಗಿ ಕುಡಿಯದಿರುವುದು
- ಸೆಳವು ಬರುವುದು
- ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು
- ಉಸಿರೆಳೆಯುವಾಗ ಎದೆಯ ಕೆಳಭಾಗ ಆಳವಾಗಿ ಒಳಸೇರುವುದು
- ದೇಹದ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೆ 35.5 ಡಿಗ್ರಿಗಿಂತ ಕಡಿಮೆ ಇರುವುದು
- ಮುಟ್ಟಿ ಎಚ್ಚರಿಸಿದಾಗ ಮಾತ್ರ ಅಲುಗಾಡುವುದು ಅಥವಾ ಅಲುಗಾಡದೇ ಇರುವುದು

ನವಜಾತ ಶಿಶುವಿನ ನಂಜಿನಲ್ಲಿ ಜ್ವರ ಬಂದೇ ಬರುತ್ತದೆಂಬ ನಿಯಮವಿಲ್ಲ. ಮೈ ತಣ್ಣಗಾಗುವುದು ಜ್ವರದಷ್ಟೇ ಅಪಾಯಕಾರಿ ಸೂಚನೆ.

ಚಿಕಿತ್ಸೆ

ತ್ವರಿತವಾಗಿ ಆರಂಭಿಸಿದ ಸೂಕ್ತ ಪ್ರತಿಜೈವಿಕವೇ ಚಿಕಿತ್ಸೆಯ ಆಧಾರ. ರಕ್ತಸಂಚಾರವನ್ನು ಕಾಪಾಡಲು ಅಳತೆಯಲ್ಲಿ ಲವಣ ದ್ರಾವಣ, ಅಗತ್ಯವಿದ್ದರೆ ಅಡ್ರಿನಲಿನ್ ಅಥವಾ ಡೋಪಮಿನ್ ನೀಡುತ್ತಾರೆ. ಸೋರುವ ನಾಳಗಳಿಗೆ ಅತಿಯಾಗಿ ದ್ರವ ತುಂಬಿದರೆ ಅದೂ ಅಂಗಾಂಶಗಳಿಗೆ ಸೋರಿ ಊತವನ್ನು ಹೆಚ್ಚಿಸುತ್ತದೆ. ಅವಧಿಪೂರ್ವ ಶಿಶುಗಳಲ್ಲಿ ವೇಗವಾಗಿ ನೀಡಿದ ದ್ರವವು ಮಿದುಳಿನ ರಕ್ತಸ್ರಾವಕ್ಕೂ ದಾರಿಯಾಗಬಹುದು. ಶ್ವಾಸಕೋಶದ ರಕ್ತದೊತ್ತಡ ಅಧಿಕವಾಗಿರುವ ಶಿಶುಗಳಿಗೆ ನೈಟ್ರಿಕ್ ಆಕ್ಸೈಡ್ ಅನ್ನು ಉಸಿರಿನ ಮೂಲಕ ನೀಡುವ ಚಿಕಿತ್ಸೆ 1999ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು.

ಒಳಪದರವನ್ನೇ ಗುರಿಯಾಗಿಸಿದ ಔಷಧಗಳ ಇತಿಹಾಸದಲ್ಲಿ ನಿರಾಸೆಯೇ ಹೆಚ್ಚು. ಕೃತಕವಾಗಿ ತಯಾರಿಸಿದ ಕ್ರಿಯಾಶೀಲ ಪ್ರೋಟೀನ್ ಸಿ ಔಷಧವು 2001ರಲ್ಲಿ ವಯಸ್ಕರಿಗಾಗಿ ಅನುಮೋದನೆಗೊಂಡಿತ್ತು. ಮಕ್ಕಳಲ್ಲಿ ನಡೆಯುತ್ತಿದ್ದ ಅದರ ಪ್ರಯೋಗವನ್ನು 2005ರಲ್ಲಿ ನಿಲ್ಲಿಸಲಾಯಿತು. ಪ್ರಯೋಜನ ಕಂಡುಬರದಿದ್ದುದರ ಜೊತೆಗೆ, 60 ದಿನಗಳೊಳಗಿನ ಶಿಶುಗಳಲ್ಲಿ ರಕ್ತಸ್ರಾವ ಹೆಚ್ಚಾಗಿತ್ತು. 2011ರಲ್ಲಿ ಆ ಔಷಧವನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಲಾಯಿತು. ರಕ್ತನಾಳದ ಮೂಲಕ ಪ್ರತಿಕಾಯಗಳನ್ನು ನೀಡಿ 3,493 ಶಿಶುಗಳಲ್ಲಿ ನಡೆಸಿದ, 2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗವೂ ಸಾವು ಅಥವಾ ತೀವ್ರ ಅಂಗವೈಕಲ್ಯವನ್ನು ತಗ್ಗಿಸಲಿಲ್ಲ. ಉರಿಯೂತವನ್ನು ಶಮನಗೊಳಿಸಿ ಸೂಕ್ಷ್ಮ ರಕ್ತಸಂಚಾರವನ್ನು ಸುಧಾರಿಸುವ ಪೆಂಟಾಕ್ಸಿಫೈಲಿನ್ ಔಷಧದ ಕುರಿತು ಹಲವು ಪ್ರಯೋಗಗಳು ನಡೆದಿವೆ.

ಭಾರತದಲ್ಲಿ

ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರಲ್ಲಿ ಭಾರತದ ನವಜಾತ ಶಿಶು ಮರಣ ದರ ಪ್ರತಿ ಸಾವಿರ ಜೀವಂತ ಜನನಕ್ಕೆ 20 ಆಗಿತ್ತು. 2014ರ ಭಾರತ ನವಜಾತ ಶಿಶು ಕ್ರಿಯಾ ಯೋಜನೆಯು 2030ರ ವೇಳೆಗೆ ಇದನ್ನು ಒಂದಂಕಿಗೆ ಇಳಿಸುವ ಗುರಿ ಹೊಂದಿದೆ.

ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ, ತೀವ್ರ ನಿಗಾ ಘಟಕಕ್ಕೆ ದಾಖಲಾದ 13,530 ಶಿಶುಗಳ ಪೈಕಿ ಶೇ. 14.3ರಷ್ಟು ಶಿಶುಗಳಿಗೆ ಸೆಪ್ಸಿಸ್ ಇತ್ತು. ಸುಮಾರು ಮೂರನೇ ಎರಡು ಭಾಗದ ಪ್ರಕರಣಗಳು ಮೊದಲ 72 ಗಂಟೆಗಳಲ್ಲಿಯೇ ಆರಂಭವಾಗಿದ್ದವು. ಪತ್ತೆಯಾದ ರೋಗಾಣುಗಳಲ್ಲಿ ಅಸಿನೆಟೊಬ್ಯಾಕ್ಟರ್ ಶೇ. 22, ಕ್ಲೆಬ್ಸಿಯೆಲ್ಲಾ ಶೇ. 17 ಮತ್ತು ಎಷರೀಷಿಯಾ ಕೋಲೈ ಶೇ. 14ರಷ್ಟಿದ್ದವು. ಅಸಿನೆಟೊಬ್ಯಾಕ್ಟರ್ ಮಾದರಿಗಳಲ್ಲಿ ಶೇ. 82ರಷ್ಟು ಹಲವು ಔಷಧಗಳಿಗೆ ಜಗ್ಗದಂಥವಾಗಿದ್ದವು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಸಂಗಡಿಗರು ಹಳ್ಳಿಯ ಕಾರ್ಯಕರ್ತೆಯರಿಗೆ ತರಬೇತಿ ನೀಡಿ, ಮನೆಯಲ್ಲಿಯೇ ಶಿಶುಗಳ ಸೆಪ್ಸಿಸ್ ಗುರುತಿಸಿ ಚಿಕಿತ್ಸೆ ನೀಡುವ ಪದ್ಧತಿಯನ್ನು ರೂಪಿಸಿದರು. ನವಜಾತ ಶಿಶು ಮರಣ ಮೂರನೆಯ ವರ್ಷದಲ್ಲಿ ಶೇ. 62ರಷ್ಟು ತಗ್ಗಿದುದನ್ನು ಅವರು 1999ರಲ್ಲಿ ವರದಿ ಮಾಡಿದರು. ಒಡಿಶಾದಲ್ಲಿ 4,556 ಶಿಶುಗಳಿಗೆ ಉಪಯುಕ್ತ ಬ್ಯಾಕ್ಟೀರಿಯಾ ಮತ್ತು ಅದರ ಆಹಾರವನ್ನು ಒಟ್ಟಿಗೆ ನೀಡಿದ ಪ್ರಯೋಗದಲ್ಲಿ ಸೆಪ್ಸಿಸ್ ಮತ್ತು ಸಾವಿನ ಒಟ್ಟು ಪ್ರಮಾಣ ಶೇ. 40ರಷ್ಟು ಕಡಿಮೆಯಾದುದು 2017ರಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲಿ

ಬೆಳಗಾವಿಯು ಹೆರಿಗೆಯ ಸಮಯದಲ್ಲಿ ತಾಯಿಗೆ ಒಂದು ಬಾರಿ ಅಜಿಥ್ರೊಮೈಸಿನ್ ನೀಡುವ ಏಳು ದೇಶಗಳ ಪ್ರಯೋಗದ ಕೇಂದ್ರಗಳಲ್ಲೊಂದಾಗಿತ್ತು. ಒಟ್ಟು 29,278 ಮಹಿಳೆಯರು ಭಾಗವಹಿಸಿದ್ದ ಈ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ತಾಯಂದಿರ ಸೆಪ್ಸಿಸ್ ಅಥವಾ ಸಾವು ಶೇ. 2.4ರಿಂದ ಶೇ. 1.6ಕ್ಕೆ ಇಳಿಯಿತು. ಆದರೆ ಶಿಶುಗಳ ಸೆಪ್ಸಿಸ್ ಅಥವಾ ಸಾವಿನಲ್ಲಿ ಇಳಿಕೆ ಕಾಣಲಿಲ್ಲ. ತಾಯಿಗೆ ಫಲಕಾರಿಯಾದ ಉಪಾಯ ಶಿಶುವಿಗೂ ಫಲ ನೀಡಬೇಕೆಂದಿಲ್ಲ ಎಂಬುದಕ್ಕೆ ಇದು ಉದಾಹರಣೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯು ಕಡಿಮೆ ತೂಕದ ಶಿಶುಗಳಿಗೆ ಕಾಂಗರೂ ತಾಯಿ ಆರೈಕೆಯನ್ನು ವಿಸ್ತರಿಸುವ ಬಗ್ಗೆ ಅನುಷ್ಠಾನ ಸಂಶೋಧನೆ ನಡೆಸಿದೆ.

ಕೋಲಾರ ಜಿಲ್ಲೆಯ ಚಿನ್ನದ ಗಣಿ ಪ್ರದೇಶದಲ್ಲಿ ಉರಿಗಾಂ, ಚಾಂಪಿಯನ್ ರೀಫ್ಸ್ ಮತ್ತು ಮಾರಿಕುಪ್ಪಂ ವಸತಿಗಳ ಕಾರ್ಮಿಕ ಕುಟುಂಬಗಳು ದೀರ್ಘಕಾಲ ಗಣಿ ಕಂಪನಿಯ ಆಸ್ಪತ್ರೆಯನ್ನು ಅವಲಂಬಿಸಿದ್ದವು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಆ ವ್ಯವಸ್ಥೆಯೂ ನಿಂತಿತು. ಇಲ್ಲಿಯ ಹಾಗೂ ಬಂಗಾರಪೇಟೆಯ ಅಸ್ವಸ್ಥ ಶಿಶುಗಳಿಗೆ ತಾಲ್ಲೂಕು ಆಸ್ಪತ್ರೆಯ ನಂತರದ ಹಂತವೆಂದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ. ಕೋಲಾರದ ಹೊರವಲಯದ ಟಮಕದಲ್ಲಿ 1986ರಲ್ಲಿ ಸ್ಥಾಪನೆಯಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ಆರ್.ಎಲ್. ಜಾಲಪ್ಪ ಆಸ್ಪತ್ರೆಯೂ, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಮುಂದಿನ ಹಂತದ ಕೇಂದ್ರಗಳು. ಒಳಪದರದ ಸೋರಿಕೆ ಗಂಟೆಗಳ ಲೆಕ್ಕದಲ್ಲಿ ಮುಂದುವರಿಯುವುದರಿಂದ, ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಸಾಗಿಸುವಾಗ ಶಿಶುವನ್ನು ಬೆಚ್ಚಗಿಡುವುದು ಮತ್ತು ಹೊರಡುವ ಮುನ್ನವೇ ಪ್ರತಿಜೈವಿಕದ ಮೊದಲ ಪ್ರಮಾಣವನ್ನು ನೀಡುವುದು ನಿರ್ಣಾಯಕವಾಗುತ್ತದೆ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುಗಳಿಗೆ ಚಿಕಿತ್ಸೆ, ಔಷಧ ಮತ್ತು ಸಾರಿಗೆ ಉಚಿತ. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಭೇಟಿ ನೀಡಿ ಶಿಶುವನ್ನು ಪರಿಶೀಲಿಸುತ್ತಾರೆ.

ತಡೆಗಟ್ಟುವಿಕೆ

ಕೈ ತೊಳೆಯುವುದು, ಸ್ವಚ್ಛ ಹೆರಿಗೆ, ಹೊಕ್ಕುಳಬಳ್ಳಿಯನ್ನು ಒಣಗಿಸಿ ಶುಚಿಯಾಗಿಡುವುದು, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ನೀಡುವುದು ಮತ್ತು ಕಡಿಮೆ ತೂಕದ ಶಿಶುವನ್ನು ತಾಯಿಯ ಮೈಗೆ ತಾಗಿಸಿಟ್ಟುಕೊಳ್ಳುವುದು ಸೆಪ್ಸಿಸ್ ತಡೆಯುವ ಮುಖ್ಯ ಕ್ರಮಗಳು. ಒಮ್ಮೆ ಹಾನಿಗೊಂಡ ಒಳಪದರವನ್ನು ನೇರವಾಗಿ ಸರಿಪಡಿಸುವ ಔಷಧ ನವಜಾತ ಶಿಶುಗಳ ಬಳಕೆಗೆ ಇನ್ನೂ ಬಂದಿಲ್ಲವಾದುದರಿಂದ, ಸೋಂಕು ರಕ್ತವನ್ನು ಸೇರದಂತೆ ತಡೆಯುವ ಈ ಕ್ರಮಗಳ ಮಹತ್ವ ಹೆಚ್ಚಿದೆ.

ಇವನ್ನೂ ನೋಡಿ

- ರಕ್ತನಾಳ
- ಸೆಪ್ಸಿಸ್
- ಅವಧಿಪೂರ್ವ ಜನನ
- ಪ್ರತಿಜೈವಿಕ ನಿರೋಧಕತೆ
- ಕಾಂಗರೂ ತಾಯಿ ಆರೈಕೆ
- ಕೋಲಾರ ಚಿನ್ನದ ಗಣಿ